ಗಿರ್ದಾವರರ ಎದೆಯ ಕಲ್ಲು

ಆಳಂದದ ಬಜಾರಿನಲ್ಲಿ ಮಟಮಟ ಮಧ್ಯಾಹ್ನ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ತಿರುಗಾಡಿದ ಮೊದಲನೆಯ ಮನುಷ್ಯ ನಾನೇ ಇರಬೇಕು. ಶೋಕಿಗಲ್ಲ. ಆಗಿನ ಎಕ್ಸ್‌ರೇ ಪರದೆಯ ಬೆಳಕು ಬಲು ಮಂದ. ಬಿಸಿಲಿನಿಂದ ನೇರವಾಗಿ ಕತ್ತಲ ಡೇರೆಗೆ ನುಗ್ಗಿದರೆ ಎದುರಿಗೆ ನಿಂತವರ ಹೃದಯ ಹಾಗಿರಲಿ, ನಿಂತವರು ಗಂಡಸೋ ಹೆಂಗಸೋ ಎಂಬುದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಕೆಲಸಕ್ಕೆ ಮುಂಚೆ ಬಹಳ ಹೊತ್ತು ಕೆಂಪು ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕಾಗಿತ್ತು. ಅಷ್ಟು ಹೊತ್ತು ಸುಮ್ಮನೆ ಕೂಡುವ ತಾಳ್ಮೆ ನನಗಿರಲಿಲ್ಲ. ಚಹಾ ಕುಡಿಯಲು ಹೋಗುತ್ತಿದ್ದೆ. ಕೆಂಪು ಗಾಜಿನೊಳಗೆ ಹಾಲು, ನೀರು ಎರಡೂ ಒಂದೇ ಬಣ್ಣ. ಅಂಗಡಿಯವನು ಮಜಾ ನೋಡಲಿಕ್ಕೆಂದು ಒಂದು ದಿನ ನನಗೆ ಬರೇ ಬಿಸಿನೀರು ಕೊಟ್ಟ. ಅರ್ಧ ಕುಡಿದ ಮೇಲೆ ಗೊತ್ತಾಗಿ, ಸಿಕ್ಕಾಪಟ್ಟೆ ಬೈದು, ಉಳಿದರ್ಧವನ್ನೂ ಕುಡಿದು ಬಂದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ತುಸು ಮೊದಲಿನ ಮಾತು ಇದು. ನಾನು ಶಹರದ ಒಂದು ದೊಡ್ಡ ದವಾಖಾನೆಯಲ್ಲಿ ಎಕ್ಸ್‌ರೇ ಡಾಕ್ಟರನಾಗಿದ್ದೆ. ಬೇರೆ ಡಾಕ್ಟರುಗಳು ತಮ್ಮ ರೋಗಿಗಳನ್ನು ಕಳಿಸುವುದು, ನಾನು ಒಳಗಿನದನ್ನು ನೋಡಿ ಹೀಗಿದೆ ಎಂದು ಹೇಳುವುದು, ಅವರು ನನ್ನ ಮಾತನ್ನು ಕೇಳುವುದು ಅಥವಾ ಬಿಡುವುದು, ಇಷ್ಟೇ ನನ್ನ ಕೆಲಸ. ನನ್ನ ಮೇಲಿದ್ದ ದೊಡ್ಡ ಸಾಹೇಬರು ವಿಲಾಯತಿಯಲ್ಲಿ ಓದಿ ಬಂದವರು. ದೂರದ ಉತ್ತರದ ಕಡೆಯವರು. ಕನ್ನಡ ಒಂದು ಅಕ್ಷರ ಬಾರದು. ಶಹರ ಬಿಟ್ಟು ಹೊರಗೆ ಕಾಲಿಟ್ಟವರೂ ಅಲ್ಲ, ಧೂಳಿನಿಂದ ಅವರಿಗೆ ಸೀನು ಬರುತ್ತಿತ್ತು. ಈ ಸಾಹೇಬರಿಗೆ ಒಂದು ಸಂಶೋಧನೆಯ ಹುಚ್ಚು ಹಿಡಿಯಿತು. ಪುಸ್ತಕಗಳಲ್ಲಿರುವ ಹೃದಯದ ಅಳತೆಗಳೆಲ್ಲ ವಿಲಾಯತಿಯವರವು. ಜೋಳದ ರೊಟ್ಟಿ ತಿಂದು ಎರೆ ಭೂಮಿಯಲ್ಲಿ ದುಡಿಯುವ ನಮ್ಮ ಕಡೆಯ ಜನರ ಹೃದಯ ಎಷ್ಟು ದೊಡ್ಡದಿರಬೇಕು? ರೋಗ ಇಲ್ಲದವರ ಅಳತೆ ಗೊತ್ತಿಲ್ಲದಿದ್ದರೆ ರೋಗ ಇದ್ದವರದು ಹೇಗೆ ತಿಳಿದೀತು? ಪ್ರಶ್ನೆ ಒಳ್ಳೆಯದೇ ಆಗಿತ್ತು. ನಾನು ಕಲಬುರಗಿ ಕಡೆಯವನು, ಭಾಷೆ ಬಲ್ಲವನು ಎಂದು ಉತ್ತರ ಹುಡುಕಲು ನನ್ನನ್ನು ಓಡಿಸಿದರು. ಆಳಂದ, ಅಫಜಲಪುರ, ಜೇವರ್ಗಿ, ಮೂರು ತಾಲ್ಲೂಕು.

ಒಂದು ಲಾರಿಯಲ್ಲಿ ಯಂತ್ರ, ವಿದ್ಯುತ್ತು ಹುಟ್ಟಿಸುವ ಡೈನಮೊ, ಕಪ್ಪು ಬಟ್ಟೆಯ ಡೇರೆ, ಫಿಲ್ಮು ತೊಳೆಯುವ ತೊಟ್ಟಿಗಳು. ಕಡಗಂಚಿ ದಾಟುವಷ್ಟರಲ್ಲೇ ಲಾರಿಯ ಒಂದೊಂದೇ ಮೊಳೆ ಸಡಿಲಾಗುತ್ತಿತ್ತು. ಫಿಲ್ಮು ತೊಳೆದ ಮೇಲೆ ಒಣಗಲು ತಹಸೀಲ ಕಚೇರಿಯ ಹಿಂದೆ ಹಗ್ಗ ಕಟ್ಟಿ ನೇತು ಹಾಕುತ್ತಿದ್ದೆವು. ಆಳಂದದ ಗಣ್ಯರ ಹೃದಯಗಳು ಒಗೆದ ಅಂಗಿಗಳ ಹಾಗೆ ಸಾಲಾಗಿ ಗಾಳಿಗೆ ಆಡುತ್ತಿದ್ದವು. ಒಂದು ಆಡು ಬಂದು ಅಡತಿ ವ್ಯಾಪಾರಿಯೊಬ್ಬರ ಹೃದಯವನ್ನು ಅಂಚಿನಿಂದ ಶುರು ಮಾಡಿ ಅಚ್ಚುಕಟ್ಟಾಗಿ ತಿಂದು ಹಾಕಿತು. ಅವರನ್ನು ಮತ್ತೆ ಕರೆಸಿ, ಹೀಗಾಯಿತು, ಇನ್ನೊಮ್ಮೆ ನಿಲ್ಲಬೇಕು ಎಂದೆ. ವ್ಯಾಪಾರಿ ಗಂಭೀರವಾಗಿ ಕೇಳಿದರು:

"ಆಡು ಉಳದದೇನ್ರಿ?"

ತಕರಾರು ಬಂದದ್ದು ಬೇರೆಯೇ ಕಡೆಯಿಂದ. ಸಾಹೇಬರು ಅಚ್ಚು ಹಾಕಿಸಿ ಕೊಟ್ಟ ನಿಯಮಗಳಲ್ಲಿ ಮೊದಲನೆಯದೇ ಇದು: ಫಿಲ್ಮು ತೆಗೆಯುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ಕಡ್ಡಾಯವಾಗಿ ತೆಗೆಸತಕ್ಕದ್ದು. ಲೋಹವನ್ನು ಹಾಯ್ದು ಕಿರಣ ಹೋಗುವುದಿಲ್ಲ, ಅದು ಫಿಲ್ಮಿನ ಮೇಲೆ ಅಚ್ಚ ಬಿಳಿಯಾಗಿ ಮೂಡುತ್ತದೆ. ಜನ ತಾಯಿತ ತೆಗೆದರು, ಸರ ತೆಗೆದರು, ಬೆಳ್ಳಿಯ ಗುಂಡಿಯ ಅಂಗಿ ಬಿಚ್ಚಿದರು. ಆದರೆ ಲಿಂಗ ಕಟ್ಟಿದ ಮನೆತನದವರು ಎದೆಯ ಮೇಲಿನ ಕರಡಿಗೆಗೆ ಮಾತ್ರ ಕೈ ಹಚ್ಚಗೊಡಲಿಲ್ಲ. ಇಷ್ಟಲಿಂಗ ಇಡುವ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಬೆಳ್ಳಿಯ ಪೆಟ್ಟಿಗೆ ಅದು. ಕೂಸಿದ್ದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವ ತನಕ ಮೈ ಅಗಲುವಂತಿಲ್ಲ. ನಮ್ಮದು ಲಿಂಗ ಕಟ್ಟುವ ಮನೆಯಲ್ಲದಿದ್ದರೂ ನಾನು ಬೆಳೆದ ಓಣಿಯಲ್ಲಿ ಅರ್ಧ ಮನೆಗಳು ಅವರವೇ, ನನಗಿದು ಗೊತ್ತಿಲ್ಲದ್ದಲ್ಲ. ಆದರೂ ನಿಯಮ ನಿಯಮ. ಆಡು ತಿಂದ ಹೃದಯದ ಅದೇ ವ್ಯಾಪಾರಿಗೆ, ಒಂದು ಗಳಿಗೆ ಮಟ್ಟಿಗೆ ತೆಗೆದಿಡಿ ಎಂದು ಕೈಮುಗಿದು ಕೇಳಿದೆ.

"ಡಾಕ್ಟರ್ ಸಾಹೇಬ್ರ, ಲಿಂಗ ತಗದ್ರ ನಾ ಇಲ್ಲೇ ಇಲ್ಲ ಅಂದಂಗ," ಎಂದರು ಅವರು. "ಆಮ್ಯಾಲ ಯಾರ ಎದಿ ಫೋಟೊ ತಗೀತೀರಿ?"

"ತಗೀಬ್ಯಾಡ್ರಿ. ಬೆನ್ನಿನ ಕಡಿ ಸರಿಸಿಕೊಳ್ರಿ."

"ದೇವರಿಗೆ ಬೆನ್ನು ತೋರಿಸಬ್ಯಾಡ ಅಂತಾರ ಹಿರಿಯರು. ನೀವು ದೇವರನ್ನ ಬೆನ್ನಿಗೆ ಹಾಕ್ಕೋ ಅಂತೀರಲ್ರಿ!"

ಸುತ್ತ ನಿಂತವರೆಲ್ಲ ಹೌದೆಂದು ಗೋಣು ಹಾಕಿದರು. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಆದರೆ ಯಾರ ಮೇಲೆ ಸಿಟ್ಟಾಗುವುದು? ಕರಡಿಗೆ ಸಮೇತ ಫಿಲ್ಮು ತೆಗೆದೆ. ಒಂದೊಂದು ಲಕೋಟೆಯ ಮೇಲೂ ಸ್ಪಷ್ಟವಾಗಿ ಬರೆದೆ: ಎದೆಯ ಮೇಲೆ ಬೆಳ್ಳಿಯ ಪೆಟ್ಟಿಗೆ ಇದೆ, ಅದರ ನೆರಳಿನಿಂದಾಗಿ ಹೃದಯದ ಎಡ ಅಂಚು ಕಾಣುತ್ತಿಲ್ಲ, ಅಳೆಯಲು ಬಾರದು. ಆಳಂದದಲ್ಲಿ ಹೀಗೆ, ಮಾದನಹಿಪ್ಪರಗಾದಲ್ಲಿ ಹೀಗೆ, ಅಫಜಲಪುರದಲ್ಲಿಯೂ ಹೀಗೆ. ಅಲ್ಲಿಂದ ಭೀಮೆಯ ಮರಳಿನಲ್ಲಿ ಲಾರಿ ಹೂತುಹೋಗಿ, ಎತ್ತು ಕಟ್ಟಿ ಎಳೆಸಿ, ಜೇವರ್ಗಿಗೆ ಬಂದು ಮುಟ್ಟಿದೆವು.

ಜೇವರ್ಗಿಯಲ್ಲಿ ನಮಗೆ ಜನ ಕೂಡಿಸಿಕೊಡಲು ತಹಸೀಲಿನಿಂದ ಒಬ್ಬ ಗಿರ್ದಾವರರನ್ನು ನೇಮಿಸಿದ್ದರು. ಗಿರ್ದಾವರಿ ಎಂದರೆ ತಿರುಗಾಟದ ನೌಕರಿ. ಊರೂರು ಅಲೆದು ಹೊಲ ನೋಡಬೇಕು, ಬೆಳೆ ಬರೆಸಬೇಕು, ಗಡಿಗಲ್ಲಿನ ಜಗಳ ಬಿಡಿಸಬೇಕು. ಇವರು ನಡುವಯಸ್ಸಿನ, ತುಂಬು ಮೈಯ, ನಗುಮುಖದ ಮನುಷ್ಯ. ಸರ್ಕಾರವೆಂದರೆ ಪ್ರಾಣ. ಲಾರಿಯ ಮೇಲಿನ ಸರ್ಕಾರಿ ಮೊಹರಿಗೂ ಅವರು ಸಲಾಮು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಸರ್ಕಾರ ಅವರನ್ನು ಮದುವೆಗೆ ಮುಂಚಿನಿಂದಲೂ ಹಂಗಾಮಿ ಎಂದೇ ಇಟ್ಟುಕೊಂಡಿತ್ತು. ಈಗ ಮಗಳೂ ಮದುವೆಗೆ ಬಂದಿದ್ದಳು. ಬೀಗರಾಗುವವರು, ಹುಡುಗಿಯ ಅಪ್ಪ ಖಾಯಂ ಆಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಆ ವರ್ಷವೇ ಕೊನೆಗೂ ಖಾಯಂ ಮಾಡುವ ಮಾತು ಬಂದಿತ್ತು. ಶಹರದ ದವಾಖಾನೆಯಿಂದ ಮೈ ಗಟ್ಟಿಯಿದೆಯೆಂದು ಒಂದು ಸರ್ಟಿಫಿಕೇಟು ಬೇಕಾಗಿತ್ತು, ಅಷ್ಟೇ. ಜನ ಯಂತ್ರದ ಹತ್ತಿರ ಬರಲು ಹೆದರಿ ನಿಂತಾಗ ಅವರು ತಾವೇ ಅಂಗಿ ಬಿಚ್ಚಿ ಮುಂದೆ ಬಂದರು.

"ಮೊದಲ ನಂದ ತಗೀರಿ ಸಾಹೇಬ್ರ. ಮಂದಿಗೂ ಅಂಜಿಕಿ ಹೋಗ್ತದ, ನನ್ನ ಸರ್ಟಿಫಿಕೇಟಿಗೂ ಆಗ್ತದ."

ಅವರ ಎದೆಯ ಮೇಲೂ ಕರಡಿಗೆ ಇತ್ತು. ಆ ಲಕೋಟೆಯ ಮೇಲೂ ಅದೇ ಮಾತು ಬರೆದೆ, ಸರ್ಟಿಫಿಕೇಟಿಗೂ ಇದೇ ಎಂದು ಇನ್ನೊಂದು ಸಾಲು ಸೇರಿಸಿದೆ. ಫಿಲ್ಮುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ರೈಲಿಗೆ ಹಾಕಿ ನಾನು ರಜೆಯ ಮೇಲೆ ಮನೆಗೆ ಹೋದೆ. ಹೋಗಬಾರದಿತ್ತು ಎನ್ನಲು ನನಗೆ ಮನಸ್ಸಿಲ್ಲ. ಆ ಧೂಳಿನಲ್ಲಿ ಅಲೆದ ಮೇಲೆ ಯಾರಾದರೂ ಹೋಗುತ್ತಿದ್ದರು.

ತಿರುಗಿ ಶಹರಕ್ಕೆ ಬಂದಾಗ ದವಾಖಾನೆಯಲ್ಲಿ ಹಬ್ಬದ ವಾತಾವರಣ. ದೊಡ್ಡ ಸಾಹೇಬರು ಹೊಸ ರೋಗ ಕಂಡುಹಿಡಿದಿದ್ದರು. ಗೋಡೆಯ ಬೆಳಕಿನ ಪೆಟ್ಟಿಗೆಗಳ ಮೇಲೆ ನಾನು ತೆಗೆದ ಫಿಲ್ಮುಗಳು. ಒಂದೊಂದರಲ್ಲೂ ಹೃದಯದ ಎಡಕ್ಕೆ ದುಂಡಗೆ, ಬೆಳ್ಳಗೆ, ನಿಚ್ಚಳವಾಗಿ ಕರಡಿಗೆ. ಸಾಹೇಬರು ಅದಕ್ಕೆ ಹೃದಯದ ಕಲ್ಲು ಎಂದು ಹೆಸರಿಟ್ಟಿದ್ದರು. ಪಿತ್ತಕೋಶದಲ್ಲಿ ಕಲ್ಲು ಬೆಳೆಯುತ್ತದೆ, ಮೂತ್ರಪಿಂಡದಲ್ಲಿ ಬೆಳೆಯುತ್ತದೆ, ಹೃದಯದಲ್ಲಿ ಯಾಕೆ ಬೆಳೆಯಬಾರದು ಎಂದು ಕಿರಿಯ ಡಾಕ್ಟರುಗಳಿಗೆ ಪಾಠ ಹೇಳುತ್ತಿದ್ದರು. ಅವರೆಲ್ಲ ಹೌದು ಹೌದು ಎನ್ನುತ್ತಿದ್ದರು.

ನಾನು ಅಲ್ಲೇ ನಕ್ಕುಬಿಟ್ಟೆ. ಆಮೇಲೆ ಉರ್ದುವಿನಲ್ಲಿ ವಿವರಿಸಿದೆ. ಸಾಹೇಬರು ಶಾಂತವಾಗಿ ಕೇಳಿ, ನಿಯಮದ ಹಾಳೆಯನ್ನು ಮುಂದಿಟ್ಟರು.

"ಲೋಹವನ್ನೆಲ್ಲ ತೆಗೆಸಬೇಕು ಎಂದು ನಿಯಮ ಇದೆಯೋ ಇಲ್ಲವೋ?"

"ಇದೆ."

"ನಿಯಮವನ್ನು ನೀವು ಪಾಲಿಸಿದ್ದೀರೋ ಇಲ್ಲವೋ?"

"ಇಲ್ಲ. ಲಕೋಟೆಯ ಮೇಲೆ ಹಾಗಂತಲೇ ಬರೆದಿದ್ದೇನೆ."

"ಲಕೋಟೆ ಓದಿ ಫಿಲ್ಮು ನೋಡಿದರೆ ಮನಸ್ಸಿನಲ್ಲಿ ಪೂರ್ವಗ್ರಹ ಹುಟ್ಟುತ್ತದೆ. ಅದಕ್ಕೇ ನಾನು ಲಕೋಟೆಗಳನ್ನು ಓದುವುದಿಲ್ಲ," ಎಂದರು ಸಾಹೇಬರು. "ನನ್ನ ಇಲಾಖೆಯಲ್ಲಿ ನಿಯಮ ಮುರಿಯುವವರಿಲ್ಲ. ಆದ್ದರಿಂದ ಲೋಹ ತೆಗೆಸಲಾಗಿದೆ. ಲೋಹ ತೆಗೆಸಿದ ಮೇಲೂ ಕಾಣುವುದು ಒಳಗಿನದೇ ಆಗಿರಬೇಕು."

ಇಷ್ಟು ದೋಷವಿಲ್ಲದ ತರ್ಕವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೇಜು ಗುದ್ದಿ ವಾದಿಸಿದೆ. ಅವರು ಇನ್ನೂ ಶಾಂತವಾಗಿ, ಹೆಂಗಸರಿಗೂ ಇದೆ, ಗಂಡಸರಿಗೂ ಇದೆ, ತಾಯಿಯ ತೊಡೆಯ ಮೇಲಿದ್ದ ಕೂಸಿಗೂ ಇದೆ, ಹಾಗಾದರೆ ಇದು ವಂಶದಲ್ಲಿ ಬರುವಂಥದು ಎಂದರು. ಕೂಲಿ ಮಾಡುವ ಕೇರಿಯ ಜನರಲ್ಲಿ ಒಬ್ಬರಿಗೂ ಇಲ್ಲ. ಹೊಲಮನೆ ಇದ್ದವರಿಗೆ, ಅಂಗಡಿಯವರಿಗೆ ಇದೆ. ಅಂದರೆ ತುಪ್ಪ ತಿನ್ನುವವರಿಗೆ! ಕಾರಣವೂ ಸಿಕ್ಕಿತ್ತು, ಇನ್ನೇನು ಬೇಕು? ಕಲ್ಲು ಕರಗಿಸಲು ಒಂದು ಕಹಿ ಔಷಧವನ್ನೂ ತಾವೇ ಕಲೆಸಿ ಆ ಊರುಗಳಿಗೆಲ್ಲ ಕಳಿಸಿದ್ದರು. ನಾನು ಮತ್ತೂ ವಾದ ಮಾಡಿದೆ. ಕೊನೆಗೆ ಅವರು, ನಿಯಮ ಮುರಿದೆ ಎಂದೇ ನೀವು ಹಟ ಹಿಡಿದರೆ ನಿಮ್ಮ ನೌಕರಿಯ ವಿಚಾರ ಬೇರೆ ಮಾಡಬೇಕಾದೀತು ಎಂದರು. ಮಾಡಿಕೊಳ್ಳಿ ಎಂದು ಹೊರಗೆ ಬಂದೆ. ಮಾಡಲಿಲ್ಲ, ಯಂತ್ರ ನಡೆಸಬಲ್ಲವನು ಇನ್ನೊಬ್ಬ ಇರಲಿಲ್ಲ.

ನಗು ನಿಂತದ್ದು ಗಿರ್ದಾವರರ ವಿಷಯ ಗೊತ್ತಾದಾಗ. ಅವರ ಸರ್ಟಿಫಿಕೇಟು ಆಗಲೇ ಹೋಗಿಬಿಟ್ಟಿತ್ತು: ಹೃದಯದಲ್ಲಿ ಕಲ್ಲು ಇದೆ, ತಿರುಗಾಟದ ನೌಕರಿಗೆ ಯೋಗ್ಯರಲ್ಲ. ಖಾಯಂ ಮಾಡುವುದು ಹಾಗಿರಲಿ, ಇದ್ದ ಹಂಗಾಮಿಯಿಂದಲೂ ಮನೆಗೆ ಕಳಿಸುವುದರಲ್ಲಿದ್ದರು. ಕಲ್ಲು ಕರಗಿದರೆ ಮತ್ತೆ ನೋಡೋಣ ಎಂದು ತಹಸೀಲದಾರರು ಕನಿಕರದಿಂದ ಸ್ವಲ್ಪ ಮುದ್ದತ್ತು ಕೊಟ್ಟಿದ್ದರು.

ಸಾಹೇಬರೇ ನನ್ನನ್ನು ಮತ್ತೆ ಅದೇ ಮೂರು ತಾಲ್ಲೂಕುಗಳಿಗೆ ಕಳಿಸಿದರು, ಔಷಧ ಕುಡಿದವರ ಕಲ್ಲು ಎಷ್ಟು ಕರಗಿದೆ ನೋಡಿ ಬನ್ನಿ ಎಂದು. ಸುದ್ದಿ ನನಗಿಂತ ಮುಂಚೆ ಹೋಗಿತ್ತು. ಆಳಂದದ ವ್ಯಾಪಾರಿಗಳು ಔಷಧವನ್ನು ಹಿತ್ತಲಿಗೆ ಚೆಲ್ಲಿ, ತುಪ್ಪವನ್ನು ಎಂದಿನಂತೆ ತಿನ್ನುತ್ತ, ಎದುರು ಅಂಗಡಿಯವನ ಕಲ್ಲಿಗಿಂತ ತಮ್ಮ ಕಲ್ಲು ದೊಡ್ಡದೆಂದು ಹೇಳಿಕೊಂಡು ತಿರುಗುತ್ತಿದ್ದರು. ಅಫಜಲಪುರದಲ್ಲಿ ಕೇರಿಯವರನ್ನೂ ಮತ್ತೊಮ್ಮೆ ನೋಡಬೇಕೆಂದು ಹುಕುಂ ಇತ್ತು. ಹೊಲದ ಕೂಲಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಕುಡುಗೋಲನ್ನು ಸೊಂಟಕ್ಕೆ ಸಿಗಿಸಿಕೊಂಡು ಯಂತ್ರದ ಮುಂದೆ ನಿಂತಳು.

"ನಮಗ ಕಲ್ಲಿಲ್ಲೇನ್ರಿ ಖರೇನ?"

"ಇಲ್ಲವ್ವಾ. ನಿನ್ನ ಎದಿ ಸ್ವಚ್ಛ ಅದ."

"ನೋಡ್ರಿ, ಹೊಲ ಅವರಿಗೆ, ಬಾವಿ ಅವರಿಗೆ, ತುಪ್ಪಾ ಅವರಿಗೆ. ಹೋಗ್ಲಿ ಅಂದ್ರ ಕಲ್ಲೂ ಅವರಿಗೇ ಕೊಟ್ಟಾನಲ್ರಿ ಆ ದೇವರು!" ಎಂದು ಅವಳು ಜೋರಾಗಿ ನಕ್ಕಳು. ಹೊರಗೆ ಕಾಯುತ್ತಿದ್ದ ಹೆಂಗಸರೂ ನಕ್ಕರು. ಆ ಮೇಲೆ ಕುಡುಗೋಲು ತೆಗೆದಿಡು ಎಂದು ಹೇಳಬೇಕಾಯಿತು, ಅದೂ ಲೋಹವೇ.

ಜೇವರ್ಗಿಯಲ್ಲಿ ಗಿರ್ದಾವರರ ಮನೆಗೆ ಹೋದೆ. ಮನುಷ್ಯ ಸೊರಗಿ ಅರ್ಧವಾಗಿದ್ದರು. ತುಪ್ಪ ಬಿಟ್ಟಿದ್ದರು, ಹಾಲು ಬಿಟ್ಟಿದ್ದರು, ಔಷಧವನ್ನು ಒಂದು ಹನಿ ಬಿಡದೆ ಕುಡಿಯುತ್ತಿದ್ದರು. ಬೀಗರ ಕಡೆಯಿಂದ ಮಾತು ನಿಂತುಹೋಗಿತ್ತು. ಅವರ ಹೆಂಡತಿ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದರು. ಅತ್ತು ಅತ್ತು ಅವರ ಕಣ್ಣು ಬಾತಿತ್ತು. ನಿಮ್ಮ ಎದೆಯಲ್ಲಿ ಕಲ್ಲೂ ಇಲ್ಲ ಮಣ್ಣೂ ಇಲ್ಲ, ಅದು ನಿಮ್ಮ ಕರಡಿಗೆಯ ನೆರಳು ಎಂದು ಬಿಡಿಸಿ ಬಿಡಿಸಿ ಹೇಳಿದೆ.

ಗಿರ್ದಾವರರು ನಂಬಲಿಲ್ಲ.

"ಹಂಗ ಅನಬ್ಯಾಡ್ರಿ ಸಾಹೇಬ್ರ. ಸರ್ಕಾರದ ಮೊಹರು ಬಿದ್ದದ. ಸರ್ಕಾರಕ್ಕ ಬೆಳ್ಳಿ ಯಾವ್ದು, ಕಲ್ಲು ಯಾವ್ದು ಗೊತ್ತಾಗಂಗಿಲ್ಲೇನು?" ಎಂದರು. ಅಷ್ಟೇ ಅಲ್ಲ, ಕಲ್ಲು ತಮಗೆ ಗೊತ್ತಾಗುತ್ತದೆ ಎಂದರು. "ಎಡಮಗ್ಗಲಾಗಿ ಮಲ್ಕೊಂಡ್ರ ಕಡೀಕ ಉರುಳ್ತದ್ರಿ. ಏರು ಹತ್ತಿದ್ರ ಭಾರ ಆಗಿ ಉಸಿರು ಹಿಡೀತದ. ಮೊದಲೂ ಹಿಡೀತಿತ್ತು, ಬೀಡಿ ಸೇದೂದಕ್ಕ ಅಂತ ಬಿಟ್ಟಿದ್ದೆ. ಈಗ ಗೊತ್ತಾತು."

ಆ ಮಾತನ್ನು ನಾನು ಅಂದು ಸಿಟ್ಟಿನ ಭರದಲ್ಲಿ ಕೇಳಿಸಿಕೊಂಡೆ, ಅಷ್ಟೆ. ಇವರ ಎದೆಯ ಒಂದು ಶುದ್ಧ ಫಿಲ್ಮು ಬೇಕಾಗಿತ್ತು. ಕರಡಿಗೆ ತೆಗೆಯಿರಿ ಎನ್ನುವ ಹಾಗಿಲ್ಲ. ನೌಕರಿ ಹೋದರೂ ಆಗಲಿ, ಅದನ್ನು ಮಾತ್ರ ಕೇಳಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಮರುದಿನ ಬೆಳಿಗ್ಗೆ ಇನ್ನೊಂದು ಸುತ್ತು ವಾದ ಮಾಡಲು ಹೋದಾಗ ಅವರು ಪೂಜೆಗೆ ಕೂತಿದ್ದರು. ಮೈ ತೊಳೆದು, ಹಣೆಗೆ, ತೋಳಿಗೆ ವಿಭೂತಿ ಹಚ್ಚಿ, ಕರಡಿಗೆಯಿಂದ ಲಿಂಗ ತೆಗೆದು ಎಡಗೈಯ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಖಾಲಿ ಕರಡಿಗೆ ಪಕ್ಕದಲ್ಲಿತ್ತು. ಎದೆ ಬರಿದಾಗಿತ್ತು. ಎಲ್ಲ ಮನೆಗಳಲ್ಲೂ ದಿನಾ ಬೆಳಿಗ್ಗೆ ನಡೆಯುವ ಕೆಲಸ ಇದು. ಓಣಿಯ ಅಜ್ಜಂದಿರನ್ನು ಹೀಗೆಯೇ ನೋಡಿ ಬೆಳೆದವನು ನಾನು. ಬಾಗಿಲಲ್ಲೇ ನಿಂತು, ಪೂಜೆ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ.

"ನಾಳಿ ಪೂಜಾ ನಮ್ಮ ಯಂತ್ರದ ಮುಂದ ಮಾಡ್ರಿ," ಎಂದೆ.

ಅವರು ಯೋಚಿಸಿದರು. ಲಿಂಗ ಅಂಗೈಯಲ್ಲೇ ಇರುತ್ತದೆ, ಮೈ ಬಿಡುವುದಿಲ್ಲ. ನಿಂತು ಮಾಡಬಾರದು ಎಂದು ಎಲ್ಲಿಯೂ ಹೇಳಿಲ್ಲ. ಮಠದ ಅಯ್ಯನವರನ್ನು ಕೇಳಿ ಬಂದು ಒಪ್ಪಿದರು. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಅರ್ಧ ಜೇವರ್ಗಿ ಡೇರೆಯ ಸುತ್ತ ನೆರೆದಿತ್ತು. ಹೆಂಡತಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಹೂ ಪತ್ರಿ ಹಿಡಿದು ಬಂದರು. ಡೈನಮೊ ಗುಡುಗುಡು ಎನ್ನುತ್ತಿತ್ತು. ಗಿರ್ದಾವರರು ಎದೆಯನ್ನು ಫಿಲ್ಮಿನ ಪೆಟ್ಟಿಗೆಗೆ ಒತ್ತಿ ನಿಂತು, ಅದರ ಮೇಲಿನಿಂದ ಎಡಗೈ ಚಾಚಿ, ಅಂಗೈಯ ಲಿಂಗವನ್ನು ಕಣ್ಣು ಮಿಟುಕಿಸದೆ ನೋಡತೊಡಗಿದರು. ನಾನು ಕೆಂಪು ಕನ್ನಡಕದಲ್ಲಿ ಆರು ಅಡಿ ದೂರ ನಿಂತು, ಉಸಿರು ಹಿಡೀರಿ ಎಂದು ಕೂಗಿದೆ. ಹೊರಗೆ ನೆರೆದವರೂ ಉಸಿರು ಹಿಡಿದರು. ಬಿಡ್ರಿ ಎನ್ನಲು ನಾನು ಮರೆತೆ. ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ಯಾರೋ, ನಾವು ಬಿಡಬಹುದೇನ್ರಿ ಎಂದು ಕಷ್ಟಪಟ್ಟು ಕೇಳಿದರು.

ಫಿಲ್ಮು ತೊಳೆದು, ಇನ್ನೂ ಹಸಿ ಇದ್ದಾಗಲೇ ಬೆಳಕಿಗೆ ಹಿಡಿದೆ. ಕಲ್ಲು ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು. ಹೊರಗೆ ಹೋಗಿ ಕೂಗಿ ಹೇಳಬೇಕೆಂದು ಡೇರೆಯ ಬಟ್ಟೆ ಸರಿಸಿದವನು, ಮತ್ತೊಮ್ಮೆ ನೋಡಿ ಅಲ್ಲೇ ನಿಂತೆ. ಕರಡಿಗೆಯ ನೆರಳು ಹಿಂದಿನ ಸಲ ನುಂಗಿದ್ದ ಎಡ ಅಂಚು ಈಗ ಕಾಣುತ್ತಿತ್ತು. ಹೃದಯ ಎದೆಯ ಅಗಲದ ಅರ್ಧಕ್ಕಿಂತ ಹೆಚ್ಚಿರಬಾರದು. ಇದು ಪಕ್ಕೆಲುಬಿನ ಗೋಡೆಗೆ ಹತ್ತಿಕೊಳ್ಳುವಷ್ಟು ಹಿಗ್ಗಿತ್ತು. ಗಿರ್ದಾವರರನ್ನು ಎಕ್ಸ್‌ರೇ ಪರದೆಯ ಹಿಂದೆ ನಿಲ್ಲಿಸಿ ನೋಡಿದೆ. ದೊಡ್ಡ ಹೃದಯ, ಸೋತ ಹೃದಯ, ಬಡಿತಕ್ಕೆ ಬಲವಿಲ್ಲ. ಏರು ಹತ್ತಿದರೆ ಉಸಿರು ಹಿಡಿಯುವುದು ಬೀಡಿಯಿಂದಲೂ ಅಲ್ಲ, ಕಲ್ಲಿನಿಂದಲೂ ಅಲ್ಲ. ಅಂದಿನ ದಿನಗಳಲ್ಲಿ ಅದಕ್ಕೆ ನಮ್ಮ ಹತ್ತಿರ ಹೆಚ್ಚಿನ ಔಷಧವೇನೂ ಇರಲಿಲ್ಲ. ನೆರಳಿನಲ್ಲಿ ಕೂತು, ಉಪ್ಪು ಕಡಿಮೆ ಮಾಡಿ, ತಿರುಗಾಟ ಬಿಟ್ಟರೆ ಒಂದಷ್ಟು ವರ್ಷ. ಬಿಡದಿದ್ದರೆ ಇಲ್ಲ.

ಅವರಿಗೆ ಆಗ ಏನೂ ಹೇಳಲಿಲ್ಲ. ದೊಡ್ಡ ಸಾಹೇಬರೊಂದಿಗೆ ಮಾತಾಡಿ, ಕೂತು ಮಾಡುವ ಕೆಲಸದಲ್ಲಿ ಖಾಯಂ ಮಾಡುವ ಹಾಗೆ ಬರೆಸಿಕೊಂಡು ಬರೋಣವೆಂದು ಫಿಲ್ಮನ್ನು ನಾನೇ ಕೈಯಲ್ಲಿ ಹಿಡಿದು ಶಹರಕ್ಕೆ ಹೋದೆ.

ಸಾಹೇಬರು ಫಿಲ್ಮು ನೋಡಿದವರೇ ಎದ್ದು ನನ್ನನ್ನು ಅಪ್ಪಿಕೊಂಡರು. "ಕರಗಿತು!" ಎಂದರು. "ಪೂರ್ತಿ ಕರಗಿತು!"

ಕರಗಲಿಲ್ಲ, ಪೆಟ್ಟಿಗೆ ಪಕ್ಕಕ್ಕಿಟ್ಟು ತೆಗೆದದ್ದು ಎಂದೆ. ಅವರಿಗೆ ಕೇಳಿಸಲಿಲ್ಲ. ಹೋಗಲಿ, ಕಲ್ಲಿನ ಮಾತು ಬಿಡಿ, ಹೃದಯದ ಅಳತೆ ನೋಡಿ, ಇದನ್ನು ಅಳೆಯಲಿಕ್ಕೇ ಅಲ್ಲವೇ ನೀವು ನನ್ನನ್ನು ಕಳಿಸಿದ್ದು ಎಂದು ಅಳತೆಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಸಾಹೇಬರು ಅಳೆದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು:

"ಅರೆ ಮಿಯಾ, ಅಷ್ಟು ದೊಡ್ಡ ಕಲ್ಲು ಇಷ್ಟು ವರ್ಷ ಕೂತಿದ್ದ ಜಾಗ. ಸ್ವಲ್ಪ ಹಿಗ್ಗಿರದೆ ಇರುತ್ತದೆಯೇ? ಖಾಲಿಯಾಯಿತಲ್ಲ, ಇನ್ನು ತಾನಾಗಿ ಕುಗ್ಗುತ್ತದೆ."

ಕಿರಿಯ ಡಾಕ್ಟರುಗಳು ಹೌದು ಹೌದು ಎಂದರು. ನಾನು ಕೂಗಾಡಿದ್ದು, ಬಾಗಿಲು ಧಡಾರನೆ ಹಾಕಿದ್ದು, ಮೇಲಿನವರಿಗೆ ದೂರು ಕೊಟ್ಟದ್ದು ಎಲ್ಲ ನಡೆಯಿತು. ಮೇಲಿನವರು ದೂರನ್ನು ಅಭಿಪ್ರಾಯಕ್ಕಾಗಿ ಅದೇ ಸಾಹೇಬರಿಗೆ ಕಳಿಸಿದರು. ಗಿರ್ದಾವರರಿಗೆ ಮಾತ್ರ ಸರ್ಟಿಫಿಕೇಟು ಹೋಯಿತು: ರೋಗ ಪೂರ್ಣ ಗುಣವಾಗಿದೆ, ಎಂಥ ತಿರುಗಾಟಕ್ಕೂ ಯೋಗ್ಯರು.

ಸಿಕ್ಕ ಬಸ್ಸು, ಬಂಡಿ ಹಿಡಿದು ಜೇವರ್ಗಿಗೆ ಓಡಿದೆ. ಮನೆ ತುಂಬ ಜನ. ಬಾಗಿಲಿಗೆ ಮಾವಿನ ತೋರಣ. ಗಿರ್ದಾವರರು ಖಾಯಂ ಆಗಿದ್ದರು. ಕಲ್ಲು ಕರಗಿಸಿಕೊಂಡ ಗಟ್ಟಿ ಆಳೆಂದು ಅವರಿಗೆ ಯಡ್ರಾಮಿ ಕಡೆಯ ದೊಡ್ಡ ಸುತ್ತನ್ನೇ ಕೊಟ್ಟಿದ್ದರು; ದಿನವೆಲ್ಲ ಕುದುರೆಯ ಮೇಲೆ, ಕುದುರೆ ಹೋಗದಲ್ಲಿ ಕಾಲ ಮೇಲೆ. ಬೀಗರು ನಿಶ್ಚಯಕ್ಕೆ ದಿನ ನೋಡಿಸುತ್ತಿದ್ದರು. ನನ್ನನ್ನು ಕಂಡು ಗಿರ್ದಾವರರು ಎರಡೂ ಕೈ ಹಿಡಿದುಕೊಂಡರು. ಜನ ಸರಿಯುವ ತನಕ ಕಾದು, ಹಿತ್ತಲ ಕಡೆಗೆ ಕರೆದುಕೊಂಡು ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಹೃದಯ ದೊಡ್ಡದಾಗಿದೆ, ದಣಿದಿದೆ, ಈ ಸುತ್ತು ಒಪ್ಪಿಕೊಳ್ಳಬೇಡಿ, ಕಚೇರಿಯ ಕೆಲಸ ಕೇಳಿ, ನಾನೇ ಬಂದು ತಹಸೀಲದಾರರಿಗೆ ಹೇಳುತ್ತೇನೆ ಎಂದೆ. ಹೇಳುವಷ್ಟೂ ಹೊತ್ತು ಅವರ ಕೈಯನ್ನು ಬಿಡದೆ ಹಿಡಿದುಕೊಂಡಿದ್ದೆ. ನನಗೆ ಆ ಮನುಷ್ಯನ ಮೇಲೆ ಅಷ್ಟು ಅಕ್ಕರೆ ಹುಟ್ಟಿತ್ತೆಂದು ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ.

ಗಿರ್ದಾವರರು ನಕ್ಕರು. ಬೇಸರವಿಲ್ಲದ, ಪ್ರೀತಿಯ ನಗು.

"ಸಾಹೇಬ್ರ, ನೀವು ಬಾಳ ಛಲೋ ಮನಷ್ಯಾರು. ಆದ್ರ ಸರ್ಕಾರ ಕಲ್ಲದ ಅಂದಾಗ ನೀವು ಇಲ್ಲ ಅಂದ್ರಿ. ಸರ್ಕಾರ ಗುಣ ಆಗ್ಯದ ಅಂದ್ರ ನೀವು ಇಲ್ಲ ಅಂತೀರಿ. ಒಮ್ಮೆರ ಹೌದು ಅನ್ರಿ!"

"ನನ್ನ ಮಾತು ಕೇಳ್ರಿ. ಏರು ಹತ್ತಿದ್ರ ಉಸಿರು ಹಿಡೀತದಂತ ನೀವೇ ಹೇಳಿದ್ರಿ."

"ಅದು ಕಲ್ಲಿದ್ದಾಗ. ಈಗ ನೋಡ್ರಿ ಬೇಕಾರ."

ತಡೀರಿ, ತಡೀರಿ ಎನ್ನುವಷ್ಟರಲ್ಲಿ ಅವರು ಧೋತರ ಮೇಲೆ ಕಟ್ಟಿ, ಗೋಡೆಗೆ ಆನಿಸಿದ್ದ ನಿಚ್ಚಣಿಕೆ ಹತ್ತಿ ಮಾಳಿಗೆ ಏರಿಯೇಬಿಟ್ಟರು. ಮೇಲೆ ನಿಂತು ಕೈ ಎತ್ತಿ ತೋರಿಸಿದರು. ಸರಸರನೆ ಇಳಿದು ಬಂದರು. ತುಟಿ ನೀಲಿಗಟ್ಟಿತ್ತು, ಹಣೆಯಲ್ಲಿ ಬೆವರು, ಕತ್ತಿನ ನರ ಹಾರುತ್ತಿತ್ತು. ನಿಚ್ಚಣಿಕೆ ಹಿಡಿದು ನಿಂತು, ಮಾತು ಹೊರಡದೆ, ಕಣ್ಣಲ್ಲೇ ನಗುತ್ತ, ನೋಡಿದಿರಾ ಎನ್ನುವಂತೆ ತಲೆಯಾಡಿಸಿದರು. ಉಸಿರು ಬಂದ ಮೇಲೆ ಹೇಳಿದರು:

"ಹಗೂರ ಅನಿಸ್ತದ್ರಿ ಸಾಹೇಬ್ರ. ಕಲ್ಲು ಹೋದ ಮ್ಯಾಲ ಎದಿ ಹತ್ತಿ ಆದಂಗ ಆಗ್ಯದ. ಕೂಡ್ರಿ, ಪೇಢೆ ತರ್ತೇನಿ."

ಅವರು ಒಳಗೆ ಹೋದರು. ಅವರ ಹೆಂಡತಿ ಹಿತ್ತಲ ಬಾಗಿಲಲ್ಲಿ ಚಹಾದ ಲೋಟ ಹಿಡಿದು ಆಗಿನಿಂದಲೂ ನಿಂತಿದ್ದರು. ಎಲ್ಲ ಕೇಳಿದ್ದರು, ನಿಚ್ಚಣಿಕೆ ಇಳಿದವರ ತುಟಿಯನ್ನೂ ನೋಡಿದ್ದರು. ಚಹಾ ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಕೇಳಿದರು:

"ಅಣ್ಣಾರ, ಈಗ ಹೇಳಿದ್ದು ಖರೇ ಏನ್ರಿ?"

"ಖರೆ ಅಕ್ಕಾರ."

"ಇದಕ್ಕ ಕುಡಿಯೂದು ಏನರ ಅದ?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಒಳಗಿನ ಕಡೆಗೆ ತಿರುಗಿ ನೋಡಿದರು. ಒಳಗೆ ಗಂಡ ಯಾರೊಂದಿಗೋ ಯಡ್ರಾಮಿಯ ಕುದುರೆಯ ವಿಷಯ ಹೇಳಿಕೊಂಡು ನಗುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು.

"ಹಂಗಾರ ಕಲ್ಲೇ ಛಲೋ ಇತ್ರಿ ಅಣ್ಣಾರ," ಎಂದರು ಆ ತಾಯಿ. "ಕಲ್ಲರ ಕರಗಿತು."